ಸೂಟಿಯಲ್ಲಿ ರೊಕ್ಕ ಗಳಿಸೋದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಲಬುರಗಿಯ ಒಂದು ಪಿಯು ಕಾಲೇಜಿನ ಹತ್ತಿರ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಅಂಗಡಿಯಲ್ಲಿ ಒಂದೇ ಪ್ರಶ್ನೆ ಶುರುವಾಗುತ್ತದೆ. ಹುಡುಗರು ಕೇಳುವುದು ಹೀಗೆ: "ಅಣ್ಣಾ, ಸೂಟಿಯಾಗ ಏನರೆ ಕೆಲಸ ಇದ್ರ ಹೇಳ್ರಿ, ಮೊಬೈಲ್‌ದಾಗ ರೊಕ್ಕ ಗಳಿಸೋದಿದ್ರೂ ನಡೀತದ." ತಾಯಂದಿರು ಕೇಳುವುದು ಹೀಗೆ: "ದಿನಾ ಪೂರಾ ಮೊಬೈಲ್ ಹಿಡ್ಕೊಂಡು ಕುಂದರ್ತಾನ್ರಿ ಅಣ್ಣಾರ, ಎಲ್ಲರೆ ಕೆಲಸಕ್ಕ ಹಚ್ಚಿ ಕೊಡ್ರಿ."

ಗಿರಾಕಿಗಳ ನಡುವೆ ನಿಂತು ಅರ್ಧ ಉತ್ತರ ಕೊಡುವುದಕ್ಕಿಂತ ಪೂರ್ತಿ ಬರೆದುಬಿಡೋಣ ಅನ್ನಿಸಿತು. ನನ್ನ ಉತ್ತರ ಇಷ್ಟು: ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನಲ್ಲಿ ದಿನದ ಪಗಾರಕ್ಕೆ ಹೋಗಬೇಡಿ. ಒಂದೊಂದು ಕೆಲಸಕ್ಕೆ ಇಷ್ಟು ಅಂತ ಮಾತಾಡಿಕೊಂಡು ದುಡಿಯಿರಿ.

ಯಾಕೆ ಅಂತ ಲೆಕ್ಕ ಹಾಕೋಣ. ಅಂಗಡಿಯೊಂದರಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಹತ್ತು ತಾಸು ನಿಲ್ಲಿಸಿಕೊಂಡು 200 ರೂಪಾಯಿ ಕೊಟ್ಟರು ಅಂತ ಇಟ್ಟುಕೊಳ್ಳಿ. ತಾಸಿಗೆ 20 ರೂಪಾಯಿ ಆಯಿತು. ಅದೇ ಹುಡುಗ ಓಣಿಯ ಐದು ಮಕ್ಕಳಿಗೆ ದಿನಕ್ಕೆ ಒಂದು ತಾಸು ಮಗ್ಗಿ, ಕಾಗುಣಿತ, ಓದುವುದು ಹೇಳಿಕೊಟ್ಟು, ಒಬ್ಬೊಬ್ಬರಿಂದ ತಿಂಗಳಿಗೆ 300 ತೆಗೆದುಕೊಂಡರೆ 1500 ಆಗುತ್ತದೆ. 26 ದಿನ ಕಲಿಸಿದರೂ ತಾಸಿಗೆ 57 ರೂಪಾಯಿ ದಾಟುತ್ತದೆ. ಇಡೀ ತಿಂಗಳ ಮೊತ್ತ ಕಡಿಮೆ ಅನ್ನಿಸಬಹುದು. ಆದರೆ ಉಳಿದ ಹೊತ್ತು ಅವನದೇ. ಆ ಹೊತ್ತಿನಲ್ಲಿ ಇನ್ನೊಂದು ಕೆಲಸ ಕಲಿಯಬಹುದು, ಪಿಯು ಪುಸ್ತಕ ತೆರೆಯಬಹುದು, ಸುಮ್ನೆ ಆಡಲೂಬಹುದು.

ಹತ್ತು ತಾಸು ನಿಲ್ಲಿಸಿಕೊಳ್ಳುವುದು ಕಾನೂನಿಗೂ ವಿರುದ್ಧ. ಈ ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಲಕಾರ್ಮಿಕ ಕಾಯ್ದೆ 1986ರದ್ದು, 2016ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಹೊರಗಿನವರು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸಬಹುದು, ಅದೂ ಓದಿಗೆ ತೊಂದರೆ ಆಗದಂತೆ. ಹದಿನಾಲ್ಕರಿಂದ ಹದಿನೆಂಟರವರು ಕೆಲಸ ಮಾಡಬಹುದು, ಆದರೆ ಅಪಾಯದ ಕೆಲಸ ಅಲ್ಲ. ಮೂರು ತಾಸು ಮಾಡಿದ ಮೇಲೆ ಒಂದು ತಾಸು ಬಿಡುವು ಕೊಡಲೇಬೇಕು. ಬಿಡುವೂ ಸೇರಿ ದಿನಕ್ಕೆ ಆರು ತಾಸು ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ಓವರ್‌ಟೈಮ್ ಇಲ್ಲ. ವಾರಕ್ಕೊಂದು ಸೂಟಿ ಕೊಡಬೇಕು.

ನಮ್ಮ ಭಾಗದಲ್ಲಿ ಈ ನಿಯಮ ನೆನಪಿಡಬೇಕಾದ ಜಾಗಗಳು ಬಹಳ ಇವೆ. ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲಿನ ಗಣಿಗೆ ಹುಡುಗರನ್ನು ಕಳಿಸುವಂತಿಲ್ಲ, ಗಣಿ ಕೆಲಸ ಹದಿನೆಂಟರ ಒಳಗಿನವರಿಗೆ ಪೂರ್ತಿ ನಿಷೇಧ. ದೀಪಾವಳಿಗೆ ಪಟಾಕಿ ಅಂಗಡಿಯಲ್ಲಿ ನಿಲ್ಲಿಸುವುದೂ ಬೇಡ. ತೊಗರಿಗೆ, ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ಕೆಲಸ ಎಷ್ಟು ಕೂಲಿ ಕೊಟ್ಟರೂ ಬೇಡ, ಆ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯ ಬೆಂಚು ಖಾಲಿಯಾಗುತ್ತವೆ. ಹತ್ತಿ ಬಿಡಿಸಿ ತಂದ ರೊಕ್ಕ ಮನೆಗೆ ಬೇಕೇ ಬೇಕು ಅನ್ನುವ ಕಷ್ಟ ನನಗೆ ಗೊತ್ತು. ಆದರೂ ಶಾಲೆ ನಡೆಯುವ ದಿನಗಳಲ್ಲಿ ತಿಂಗಳುಗಟ್ಟಲೆ ತಪ್ಪಿಸಿಕೊಂಡ ಹುಡುಗಿ ಮರಳಿ ಕ್ಲಾಸಿಗೆ ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ, ಎಷ್ಟೋ ಸಲ ಅಲ್ಲಿಗೇ ಓದು ನಿಲ್ಲುತ್ತದೆ. ಅಂಥ ಮಕ್ಕಳನ್ನು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಮದುವೆಯಲ್ಲಿ ಬಡಿಸುವ ಕೆಲಸಕ್ಕೆ ನಮ್ಮ ಊರಿನ ಹುಡುಗರು ಬಹಳ ಹೋಗುತ್ತಾರೆ. ಊಟ ಸಿಗುತ್ತದೆ, ಗೆಳೆಯರೆಲ್ಲ ಕೂಡಿರುತ್ತಾರೆ. ಆದರೆ ರಿಸೆಪ್ಷನ್ ಅಂದರೆ ರಾತ್ರಿ ಕೆಲಸ, ಅದು ನಿಯಮಕ್ಕೆ ಹೊರಗೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಹೋಗಿ. ರೊಕ್ಕ ಅಂದೇ ಕೈಗೆ ಬರಬೇಕು ಅಂತ ಮೊದಲೇ ಹೇಳಿ. ನನ್ನ ಅಂಗಡಿಗೆ ಬರುವ ಒಬ್ಬ ಹುಡುಗ ಇಡೀ ಮದುವೆ ಸೀಸನ್ ಬಡಿಸಿದ, ಗುತ್ತಿಗೆದಾರ "ಕೊನೆಗೆ ಎಲ್ಲಾ ಕೂಡಿಸಿ ಕೊಡ್ತೀನಿ" ಅಂದವನು ಕೊನೆಗೆ ಫೋನೇ ಎತ್ತಲಿಲ್ಲ. ಕೆಲಸದ ಲೆಕ್ಕಕ್ಕೆ ದುಡಿಯಿರಿ ಅಂತ ನಾನು ಹೇಳುವುದು ಇದಕ್ಕೂ ಹೌದು. ಸಣ್ಣ ಕೆಲಸ, ಮುಗಿದ ತಕ್ಷಣ ರೊಕ್ಕ. ಮೋಸ ಆದರೂ ಒಂದೇ ಕೆಲಸದ ಮೋಸ.

ಹಾಗಾದರೆ ಯಾವ ಕೆಲಸ? ನಿಮ್ಮ ಓಣಿಯ ಜನ ಈಗಾಗಲೇ ಯಾವುದಕ್ಕೆ ರೊಕ್ಕ ಕೊಡುತ್ತಿದ್ದಾರೆ ನೋಡಿ. ಹೊಸದನ್ನು ಕಂಡುಹಿಡಿಯಬೇಕಿಲ್ಲ.

ನನ್ನ ಕಣ್ಣೆದುರಿಗೇ ಇರುವ ಒಂದು ಕೆಲಸ ಕನ್ನಡ ಟೈಪಿಂಗ್. ಗುಲಬರ್ಗಾ ವಿಶ್ವವಿದ್ಯಾಲಯ ಇರುವ ಊರು ಇದು. ಎಂ.ಎ. ಮಕ್ಕಳ ಕಿರು ಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧ, ಮದುವೆ ಕಾರ್ಡು, ಗುಡಿಯ ಜಾತ್ರೆಯ ಕರಪತ್ರ, ಸಂಘದ ನಡಾವಳಿ, ಎಲ್ಲಕ್ಕೂ ಕನ್ನಡ ಟೈಪ್ ಮಾಡುವವರು ಬೇಕು. ಪುಟದ ಲೆಕ್ಕಕ್ಕೆ ಕೊಡುತ್ತಾರೆ. ಮೊಬೈಲ್‌ನಲ್ಲಿ ಎರಡು ಬೆರಳಿನಿಂದ ಎಷ್ಟೇ ಬೇಗ ಬರೆದರೂ ಇದಕ್ಕೆ ಸಾಲದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರ ಕೀಲಿಮಣೆಯಲ್ಲಿ ಹತ್ತೂ ಬೆರಳು ಕೂರಿಸಿಕೊಳ್ಳಿ. ಹಳೆಯ ನುಡಿ ಫೈಲನ್ನು ಯೂನಿಕೋಡ್‌ಗೆ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರಕ್ಕೆ, ಬದಲಿಸುವುದು ಕಲಿಯಿರಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲಿ ಜಾರುತ್ತವೆ ಅಂತ ಕಣ್ಣಿಟ್ಟು ನೋಡಿ. ಟೈಪ್ ಮಾಡುವವರು ಸಿಗುತ್ತಾರೆ, ತಪ್ಪಿಲ್ಲದೆ ಮಾಡುವವರು ಸಿಗುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದನ್ನು ನೆನಪಿಟ್ಟ ಹುಡುಗಿಗೆ ಇಲ್ಲಿ ಬೆಲೆ ಇದೆ. ಜೊತೆಗೆ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸ್ ಮಾಡಿಕೊಂಡರೆ ಮುಂದೆ ನೌಕರಿಗೆ ಅರ್ಜಿ ಹಾಕುವಾಗಲೂ ಉಪಯೋಗ.

ನಮ್ಮ ಊರಿನಲ್ಲಿ ಉರ್ದು, ಹಿಂದಿ, ಮರಾಠಿ, ತೆಲುಗು ಮಾತಾಡುವ ಮನೆಗಳು ಎಷ್ಟಿವೆ ಅಂತ ಬೇರೆ ಹೇಳಬೇಕಿಲ್ಲ. ಎರಡು ಭಾಷೆ ಓದಿ ಬರೆಯಲು ಬರುವ ಮಕ್ಕಳು ಹಿರಿಯರ ಅರ್ಜಿ ಓದಿ ಹೇಳಬಹುದು, ಬರೆದು ಕೊಡಬಹುದು. ಒಂದು ಎಚ್ಚರಿಕೆ: ಇನ್ನೊಬ್ಬರ ಆಧಾರ್ ನಂಬರು, ಒಟಿಪಿ ನಿಮ್ಮ ಫೋನಿನಲ್ಲಿ ಉಳಿಯಬಾರದು. ಅವರ ಎದುರಿಗೇ ಕೆಲಸ ಮುಗಿಸಿ, ಅವರ ಎದುರಿಗೇ ಫೋಟೋ ಅಳಿಸಿ.

ಟ್ಯೂಷನ್ ಬಗ್ಗೆ ಆಗಲೇ ಹೇಳಿದೆ. ದೊಡ್ಡವರು ಎಷ್ಟು ತೆಗೆದುಕೊಳ್ಳುತ್ತಾರೆ ಕೇಳಿ, ಅದರ ಅರ್ಧದಿಂದ ಶುರು ಮಾಡಿ. ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳನ್ನು ತೆಗೆದುಕೊಳ್ಳಿ, ನಿಮಗೆ ಪಕ್ಕಾ ಗೊತ್ತಿರುವುದನ್ನೇ ಕಲಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಮಧ್ಯಾಹ್ನ ಯಾವ ಮಗುವೂ ಬರುವುದಿಲ್ಲ, ಬೆಳಿಗ್ಗೆಯೇ ಮುಗಿಸಿ.

ಹಬ್ಬದ ಕೆಲಸ ಇನ್ನೊಂದು. ಎಳ್ಳಮಾವಾಸ್ಯೆಗೆ ಕಲಬುರಗಿ, ಬೀದರ ಕಡೆ ಭಜ್ಜಿ (ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಪಲ್ಯ) ಇಲ್ಲದ ಮನೆ ಇಲ್ಲ. ಅದಕ್ಕೆ ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ, ಹತ್ತೆಂಟು ಸೊಪ್ಪು ಬೇಕು. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳಲ್ಲಿ ಕಾಯಿ ಸುಲಿಯುತ್ತ ಕೂರಲು ಯಾರಿಗೂ ಹೊತ್ತಿಲ್ಲ. ಹಿಂದಿನ ದಿನ ಕಾಯಿ ತಂದು, ನಾಲ್ಕು ಗೆಳೆಯರು ಕೂಡಿ ಸುಲಿದು, ಸೊಪ್ಪು ಆರಿಸಿ, ಪಾವು ಕಿಲೋದ ಪೊಟ್ಟಣ ಕಟ್ಟಿ ಮೊದಲೇ ಹೇಳಿಟ್ಟವರ ಮನೆಗೆ ಮುಟ್ಟಿಸಿದರೆ ಎರಡೇ ದಿನದಲ್ಲಿ ಒಳ್ಳೆಯ ದುಡಿಮೆ. ಗಿರಾಕಿ ಎಷ್ಟು ಅಂತ ಬರೆದುಕೊಂಡ ಮೇಲೆಯೇ ಕಾಯಿ ತನ್ನಿ. ಸುಲಿದ ಕಾಳು ಉಳಿದರೆ ಬಾಡುತ್ತದೆ, ಆ ಲುಕ್ಸಾನ ನಿಮ್ಮದೇ.

ಹೆಣ್ಣುಮಕ್ಕಳು ಮೆಹೆಂದಿ, ಸೀರೆ ಕುಚ್ಚು, ಫಾಲ್ ಪಿಕೋ, ಬ್ಲೌಸ್ ಹುಕ್ ಹಚ್ಚುವುದು ಮಾಡುತ್ತಾರೆ, ಎಲ್ಲವೂ ಕೆಲಸದ ಲೆಕ್ಕದ್ದೇ. ಆದರೆ ಅವರ ವಿಷಯದಲ್ಲಿ ನನಗೆ ಜಾಸ್ತಿ ಕಾಡುವುದು ರೊಕ್ಕ ಯಾರ ಕೈಗೆ ಹೋಗುತ್ತದೆ ಅನ್ನುವುದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಮನೆಗಳು ನಮ್ಮಲ್ಲಿ ಬಹಳ. ಬೆಳಿಗ್ಗೆ ಎದ್ದು ತಾಯಿಯ ಜೊತೆ ರೊಟ್ಟಿ ಬಡಿಯುವ ಹುಡುಗಿಯನ್ನು "ಮನಿ ಕೆಲಸ ಮಾಡ್ತಾಳ" ಅಂತಾರೆ. ಅಂಗಡಿಯಲ್ಲಿ ನಿಲ್ಲುವ ಅಣ್ಣನಿಗೆ ಮಾತ್ರ "ದುಡೀತಾನ" ಅಂತಾರೆ. ಇದು ಸರಿಯಲ್ಲ. ಮಾರಾಟಕ್ಕೆ ಬಡಿದ ರೊಟ್ಟಿಯಲ್ಲಿ ಅವಳ ಪಾಲು ಇದೆ. ನೂರು ರೊಟ್ಟಿಗೆ ಇಷ್ಟು ಅಂತ ಮನೆಯಲ್ಲೇ ಮಾತಾಡಿ, ಅದು ಅವಳ ಕೈಗೆ ಬರಲಿ. ಅಪ್ಪಂದಿರಿಗೆ, ಅಣ್ಣಂದಿರಿಗೆ ನಾನು ಕೈಮುಗಿದು ಕೇಳುವುದು ಇದನ್ನೇ. ಇನ್ನು ತಿನ್ನುವ ಪದಾರ್ಥ ಮಾರುವುದಕ್ಕೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಅದನ್ನು ಮನೆಯ ದೊಡ್ಡವರ ಹೆಸರಿನಲ್ಲಿ ಮಾಡಿಸಿ.

ಬೀದರ ಕಡೆಯವರು ಕೇಳಿದರೆ ನಾನು ಬಿದ್ರಿಯ ಹೆಸರನ್ನೂ ಹೇಳುತ್ತೇನೆ. ಅದು ಸೂಟಿಯಲ್ಲಿ ರೊಕ್ಕ ತರುವ ಕೆಲಸ ಅಲ್ಲ. ಸತು ತಾಮ್ರದ ಎರಕದ ಮೇಲೆ ಚಿತ್ರ ಬಿಡಿಸಿ, ಉಳಿಯಿಂದ ಕೆತ್ತಿ, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಪ್ಪು ಮಾಡುವವರೆಗೆ ಒಂದೊಂದು ಹಂತವೂ ಕೈ ಕುಳಿತ ಮೇಲೆಯೇ ಬರುವುದು. ಎರಕ, ಕಪ್ಪು ಮಾಡುವುದು ದೊಡ್ಡವರಿಗೆ ಬಿಡಿ. ಚಿತ್ರ ಬಿಡಿಸುವುದು, ಕೆತ್ತುವುದು ಉಸ್ತಾದರ ಹತ್ತಿರ ಈ ವಯಸ್ಸಿನಲ್ಲಿ ಶುರು ಮಾಡಿದರೆ ಮುಂದೆ ಅನ್ನ ಕೊಡುತ್ತದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಇದೇ ಕಲೆಗೆ.

ಈಗ ಮೊಬೈಲ್‌ಗೆ ಬರೋಣ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ರೊಕ್ಕ ಬರಬೇಕಾದರೆ 1000 ಸಬ್‌ಸ್ಕ್ರೈಬರ್, ಜೊತೆಗೆ ಒಂದು ವರ್ಷದಲ್ಲಿ 4000 ತಾಸು ಜನ ನೋಡಿರಬೇಕು, ಇಲ್ಲವೇ ಶಾರ್ಟ್ಸ್ ಆದರೆ 90 ದಿನದಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಹದಿನೆಂಟು ತುಂಬದಿದ್ದರೆ ರೊಕ್ಕ ದೊಡ್ಡವರ ಖಾತೆಯ ಮೂಲಕವೇ ಬರಬೇಕು. ಇಷ್ಟವಿದ್ದರೆ ಮಾಡಿ, ಆದರೆ ಈ ಸೂಟಿಯ ಖರ್ಚಿಗೆ ಅದನ್ನು ನಂಬಬೇಡಿ.

ಟೆಲಿಗ್ರಾಮ್‌ನಲ್ಲಿ "ಟಾಸ್ಕ್" ಕೊಟ್ಟು ಮೊದಲು ನಿಮ್ಮ ಖಾತೆಗೆ ನೂರಿನ್ನೂರು ಹಾಕಿ, ಆಮೇಲೆ ನಿಮ್ಮಿಂದಲೇ ಸಾವಿರಗಟ್ಟಲೆ ಕೇಳುವುದು ಮೋಸ. ಡೇಟಾ ಎಂಟ್ರಿ ಕೆಲಸಕ್ಕೆ ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರೆ ಅದೂ ಮೋಸ. ಕೆಲಸ ಕೊಡುವವರು ರೊಕ್ಕ ಕೊಡಬೇಕು, ನಿಮ್ಮಿಂದ ತೆಗೆದುಕೊಳ್ಳಬಾರದು. ಎಲ್ಲಕ್ಕಿಂತ ಕೆಟ್ಟದ್ದು, "ನಿನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅನ್ನುವುದು. ಕಳ್ಳರ ರೊಕ್ಕ ನಿಮ್ಮ ಖಾತೆಯಲ್ಲಿ ಹಾದುಹೋಗುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಇಂಥದ್ದರಲ್ಲಿ ಸಿಕ್ಕಿಕೊಂಡರೆ ಮನೆಯವರಿಗೆ ಹೆದರಿ ಮುಚ್ಚಿಡಬೇಡಿ, ಆಗಿಂದಾಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಹಾಗೆಯೇ ಲೈಸೆನ್ಸ್ ಇಲ್ಲದೆ ಬೈಕ್ ಮೇಲೆ ಡೆಲಿವರಿ ಬೇಡ. ಹದಿನೆಂಟರ ಒಳಗಿನವರು ಸಿಕ್ಕಿಬಿದ್ದರೆ ಗಾಡಿಯ ಮಾಲೀಕರಿಗೆ, ಅಪ್ಪ ಅವ್ವನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲಿಗೂ ಅವಕಾಶ ಇದೆ.

ಗಳಿಸಿದ ರೊಕ್ಕ ಎಲ್ಲಿಡಬೇಕು? ನಿಮ್ಮದೇ ಹೆಸರಿನ ಖಾತೆಯಲ್ಲಿ. ಹತ್ತು ವರ್ಷ ತುಂಬಿದವರು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಬಿಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ, ಎಷ್ಟು ಮೊತ್ತದವರೆಗೆ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಪಾಲಕರ ಮೂಲಕ ತೆರೆಯುವುದಾದರೆ ತಾಯಿಯೂ ಸಹಿ ಮಾಡಬಹುದು. ಪೋಸ್ಟ್ ಆಫೀಸಿನಲ್ಲಿ 500 ರೂಪಾಯಿಗೆ ಖಾತೆ ಆಗುತ್ತದೆ. ಒಂದು ವಹಿ ಇಟ್ಟುಕೊಂಡು ಎಡಗಡೆ ಬಂದದ್ದು, ಬಲಗಡೆ ಹೋದದ್ದು ಬರೆಯಿರಿ. ಉದ್ರಿ ಕೊಟ್ಟರೆ ಹೆಸರು ತಾರೀಕು ಬರೆಯಿರಿ. ಸ್ವಂತ ಕಾಕಾ ಆದರೂ ಬರೆಯಿರಿ.

ಕಾಲೇಜು ಶುರುವಾದ ಮೇಲೆ ಬಿಡಬೇಕೋ ಅಂತ ಕೊನೆಗೆ ಕೇಳುತ್ತಾರೆ. ಫಸ್ಟ್ ಪಿಯುನಲ್ಲಿ ದಿನಕ್ಕೆ ಒಂದು ತಾಸು ನಡೆಯುತ್ತದೆ ಅನ್ನುವುದು ನನ್ನ ಅನಿಸಿಕೆ. ಸೆಕೆಂಡ್ ಪಿಯುನಲ್ಲಿ ಪ್ರಾಕ್ಟಿಕಲ್ ಶುರುವಾಗುವ ಮೊದಲೇ ಗಿರಾಕಿಗಳಿಗೆ ತಿಳಿಸಿ ಕೆಲಸ ನಿಲ್ಲಿಸಿ, ಬೇಕಾದರೆ ನಿಮ್ಮ ಬದಲು ಒಬ್ಬ ಜೂನಿಯರ್ ಹುಡುಗನನ್ನು ತೋರಿಸಿಕೊಡಿ. ಟೈಪಿಂಗ್ ಬರುವವರಿದ್ದರೆ ನನ್ನ ಅಂಗಡಿಗೆ ಬನ್ನಿ. ಹದಿನೈದು ಸಾಲು ಕನ್ನಡ ಟೈಪ್ ಮಾಡಿಸಿ ನೋಡುತ್ತೇನೆ, ತಪ್ಪು ಕಡಿಮೆ ಇದ್ದರೆ ಅಂದೇ ಒಂದಿಷ್ಟು ಪುಟ ಕೊಟ್ಟು ಕಳಿಸುತ್ತೇನೆ.