ಸ್ಪಿಟ್‌ಫೈರ್ ತಗೊಳ್ಳೋದಾ ಬೇಡ್ವಾ: ಸಿಲ್ ತಟ್ಟಿ ನೋಡಿದ ಮೇಲೆ

ಮಂಡ್ಯ ಹತ್ತಿರದ ಹಳ್ಳಿಯೊಂದರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಹಳೇ ಬ್ರಿಟಿಷ್ ಕಾರು ಮಾರಾಟಕ್ಕಿದೆ. ಮಾರ್ಕ್ 3, ಅಂದರೆ ಮೂರನೇ ಮಾದರಿ. ಎರಡೇ ಸೀಟು, ಬಟ್ಟೆ ಟಾಪು, 1296 ಸಿಸಿ ಎಂಜಿನ್. ಹೇಳುತ್ತಿರುವ ಬೆಲೆ 9 ಲಕ್ಷ. ಸ್ಟಾರ್ಟ್ ಮಾಡಿ ವರ್ಷಗಳೇ ಆಗಿವೆ, ಆದರೆ ಎಂಜಿನ್ ಬಗ್ಗೆ ನನಗೆ ಅಷ್ಟೊಂದು ತಲೆಬಿಸಿ ಇಲ್ಲ. ಈ ಗಾಡಿ ತಗೊಳ್ಳಬೇಕಾ ಬಿಡಬೇಕಾ ಅನ್ನೋದು ತಗಡಿನ ಮೇಲೆ ನಿಂತಿದೆ, ಅದರಲ್ಲೂ ಬಾಗಿಲ ಕೆಳಗಿನ ಸಿಲ್ ಮೇಲೆ. ಹಾಗಾಗಿ ಈ ಸಲದ ಬರಹ ಹೆಚ್ಚುಕಮ್ಮಿ ಪೂರ್ತಿ ತುಕ್ಕಿನದ್ದೇ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಮೈಸೂರಿನ ನಮ್ಮ ಮನೆ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಅದನ್ನು ಬಿಚ್ಚಿ ಕಟ್ಟಿ ಓಡಿಸುತ್ತಿದ್ದೇನೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಇಲ್ಲಿ ಮಾಡುತ್ತಿತ್ತು. ಸ್ಪಿಟ್‌ಫೈರ್ ಅದೇ ಹೆರಾಲ್ಡಿನ ತಮ್ಮ. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1962ರಲ್ಲಿ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡಿ, ವೀಲ್‌ಬೇಸನ್ನು (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2324 ಮಿ.ಮೀ.ನಿಂದ 2108ಕ್ಕೆ ಇಳಿಸಿ ಈ ಗಾಡಿ ತಂದರು. 1980ರವರೆಗೆ ಮೂರು ಲಕ್ಷಕ್ಕೂ ಜಾಸ್ತಿ ಮಾಡಿದರು. ಮುಕ್ಕಾಲು ಟನ್ ಆಸುಪಾಸಿನ ತೂಕಕ್ಕೆ ಮಾರ್ಕ್ 3ರಲ್ಲಿ 75 ಕುದುರೆ ಶಕ್ತಿ. ಅಂಥ ಹಗುರ ಗಾಡಿ ತಿರುವಿನಲ್ಲಿ ಹೇಗೆ ಓಡುತ್ತದೆ ಅನ್ನೋದು ಕೂತವರಿಗೇ ಗೊತ್ತು.

ಆದರೆ ಹಗುರ ಮಾಡುವಾಗ ಅವರು ಒಂದು ಕೆಲಸ ಮಾಡಿದರು. ಹೆರಾಲ್ಡ್ ಚಾಸಿಗೆ ನಡುವೆ ಬೆನ್ನೆಲುಬಿನ ಹಾಗೆ ಎರಡು ರೈಲು ಇದ್ದು, ಅದರ ಜೊತೆಗೆ ಎಡಬಲ ಪಕ್ಕದಲ್ಲೂ ರೈಲು ಇವೆ. ಸ್ಪಿಟ್‌ಫೈರಿನಲ್ಲಿ ಆ ಪಕ್ಕದ ರೈಲುಗಳಿಲ್ಲ. ಅವು ಹೊರಬೇಕಿದ್ದ ಭಾರವನ್ನು ಬಾಡಿಯ ಸಿಲ್ ಹೊರುತ್ತದೆ. ಹೊರಗಿನ ಸಿಲ್, ಒಳಗಿನ ಸಿಲ್, ನಡುವೆ ಒಂದು ಗಟ್ಟಿ ಪಟ್ಟಿ, ಮೂರೂ ಸೇರಿ ಒಂದು ಮುಚ್ಚಿದ ಪೆಟ್ಟಿಗೆ. ಮೇಲೆ ರೂಫ್ ಇಲ್ಲದ ಗಾಡಿ ಬೇರೆ. ಹಾಗಾಗಿ ಸಿಲ್ ಹೋದರೆ ಹೋಗೋದು ಅಂದ ಅಲ್ಲ, ಗಾಡಿ ನಡು ಮುರಿದು ಕೂರುತ್ತದೆ. ಆ ಪೆಟ್ಟಿಗೆಯ ಒಳಗೆ ಸರಿಯಾಗಿ ಪೇಂಟು ತಲುಪಿರುವುದಿಲ್ಲ. ನೀರು ಹೊರಗೆ ಹೋಗೋಕೆ ಕೆಳಗೆ ತೂತು ಇರುತ್ತದೆ, ಅದು ಮಣ್ಣು ಕಟ್ಟಿ ಮುಚ್ಚಿಕೊಂಡರೆ ತಗಡು ಒಳಗಿನಿಂದಲೇ ತಿನ್ನಿಸಿಕೊಂಡು ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಗಾಡಿ ಇರೋ ಜಾಗ

ಆಲೆಮನೆ ಪಕ್ಕದ ಶೀಟ್ ಶೆಡ್ಡು. ಹಿಂದುಗಡೆಯೇ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಾಗ. ಶೆಡ್ಡಿಗೆ ಸಿಮೆಂಟ್ ನೆಲ ಇಲ್ಲ, ಮಣ್ಣಿನದ್ದು. ಮಾಲೀಕರು ವಯಸ್ಸಾದವರು, ಗಾಡಿ ಅವರ ಅಣ್ಣನದಂತೆ.

'ಒಂದ್ ದಿನಾನೂ ಮಳೇಲಿ ನಿಲ್ಸಿಲ್ಲ ಕಣಪ್ಪ, ನೋಡ್ಕೋ ಎಂಗೈತೆ' ಅಂದರು.

ಸುಳ್ಳಲ್ಲ, ಮಳೆ ಬಿದ್ದಿಲ್ಲ. ಆದರೆ ಮಣ್ಣಿನ ನೆಲದ ತೇವ ಕೆಳಗಿನಿಂದ ಏರುತ್ತಲೇ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಗಾಳಿ ಆಡದೆ ಅದು ತಗಡಿಗೆ ಅಂಟಿಕೊಂಡು ಕೂತಿರುತ್ತದೆ. ಎಡಪಕ್ಕ ಗದ್ದೆ ಕಡೆಯ ಗೋಡೆಗೆ ಒತ್ತಿಕೊಂಡಿತ್ತು. ಮೊದಲು ಅಲ್ಲಿಗೇ ಬಗ್ಗಿದೆ.

ಬಾಗಿಲ ಸಂದು ನೋಡೋದು ಎಲ್ಲಕ್ಕಿಂತ ಮೊದಲಿನ ಕೆಲಸ. ನಡು ಇಳಿದ ಗಾಡಿಯಲ್ಲಿ ಬಾಗಿಲ ಹಿಂಬದಿ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲ ಆಗಿರುತ್ತದೆ. ಬಲಗಡೆ ಮೇಲಿನಿಂದ ಕೆಳಗೆ ಒಂದೇ ಸಮ. ಎಡಗಡೆ ಮೇಲೆ ಒಂದು ರೂಪಾಯಿ ನಾಣ್ಯ ಬಿಗಿಯಾಗಿ ಹೋಯಿತು, ಕೆಳಗೆ ಎರಡು ನಾಣ್ಯ ಜೋಡಿಸಿಟ್ಟರೂ ಆಡುತ್ತಿದ್ದವು. ಅಲ್ಲಿಗೆ ಅರ್ಧ ಕತೆ ತಿಳಿಯಿತು.

ಆಮೇಲೆ ಮ್ಯಾಗ್ನೆಟ್. ಪೇಂಟ್ ಗೀಚದ ಹಾಗೆ ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಎಳೆಯುತ್ತಾ ಹೋದೆ. ಬಲಗಡೆ ಕಚ್ಚಿಕೊಂಡು ಬಂತು. ಎಡಗಡೆ ಬಾಗಿಲ ನಡುವಿನಿಂದ ಹಿಂದಿನ ಚಕ್ರದವರೆಗೆ ಜಾರಿ ಬಿತ್ತು. ಪೂರ್ತಿ ಪುಟ್ಟಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಬಲಗಡೆ ಠಣ್ ಅನ್ನುತ್ತದೆ, ಎಡಗಡೆ ಬರೀ ದೊಬ್ ದೊಬ್. ಮಾಲೀಕರನ್ನು ಕೇಳಿಯೇ ಕೆಳಗಿನ ಟಾರ್ ಕೋಟನ್ನು ಒಂದು ಅಂಗೈ ಅಗಲ ಕೆರೆದೆ. ಕಂದು ಬಣ್ಣದ ತುಕ್ಕು ಪದರ ಪದರವಾಗಿ ಎದ್ದು ಬಂತು, ಬೆರಳಲ್ಲಿ ಒತ್ತಿದರೆ ಪುಡಿ. ಅದರ ಹಿಂದೆ ತಗಡೇ ಇರಲಿಲ್ಲ, ಯಾರೋ ತುರುಕಿದ್ದ ಗೋಣಿಚೀಲದ ತುಂಡು ಇತ್ತು, ಅದರ ಮೇಲೆ ಪುಟ್ಟಿ ಎಳೆದು ಪೇಂಟ್ ಹೊಡೆದಿದ್ದಾರೆ. ಗೋಣಿ ಇನ್ನೂ ಒದ್ದೆಯಾಗೇ ಇತ್ತು. ಇಂಥ ಕೆಲಸ ಕಂಡರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ತುಕ್ಕಿಗೆ ನೀರು ಹಿಡಿದಿಟ್ಟು ಕೊಟ್ಟ ಹಾಗೆ ಅಲ್ವಾ ಅದು?

ಜಾಕಿ ಹಾಕಿ ನೋಡಿದ್ದು

ಎರಡನೇ ಸಲ ಹೋಗುವಾಗ ಮಂಡಿ ಮೊಹಲ್ಲಾದ ನಮ್ಮ ಟಿಂಕರಿಂಗ್ ಭಾಯ್ ಅವರನ್ನೂ ಕರೆದುಕೊಂಡು ಹೋದೆ. ನನ್ನ ಹೆರಾಲ್ಡಿನ ಪ್ಲಾಟ್‌ಫಾರ್ಮ್, ಅಂದರೆ ಕೆಳಗಿನ ಫ್ಲೋರ್ ತಗಡು, ಕಟ್ಟಿದವರು ಅವರೇ. ಮುಂದಿನ ಚಾಸಿ ಕೆಳಗೆ ಮರದ ಹಲಗೆ ಇಟ್ಟು ಜಾಕಿ ಕೊಟ್ಟು ಎಡಗಡೆ ಮೆಲ್ಲಗೆ ಎತ್ತಿದೆವು. ಬಾಗಿಲು ಮುಚ್ಚಿಯೇ ಇತ್ತು. ಚಕ್ರ ನೆಲ ಬಿಡೋ ಹೊತ್ತಿಗೆ ಎಡಬಾಗಿಲ ಸಂದು ಕಣ್ಣೆದುರೇ ಬದಲಾಯಿತು. ಬಲಗಡೆ ಹಾಗೇ ಮಾಡಿದಾಗ ಏನೂ ಕದಲಲಿಲ್ಲ.

'ಸಿಲ್ ಹೊಸದು ಕಟ್ಬೋದು ಸಾರ್, ಅದೇನ್ ದೊಡ್ಡ ವಿಷ್ಯ ಅಲ್ಲ. ಚಾಸಿ ಹೋಗಿದ್ರೆ ಮಾತ್ರ ಬಿಟ್ಬಿಡಿ' ಅಂದರು ಭಾಯ್.

ಚಾಸಿ ಹೋಗಿಲ್ಲ. ಸುತ್ತಿಗೆಯಿಂದ ಮುಂದಿನಿಂದ ಹಿಂದಿನವರೆಗೆ ತಟ್ಟಿದೆವು. ಬಾಡಿ ಕೂರುವ ಚಾಚುಪಟ್ಟಿಗಳಲ್ಲಿ ಎಡಗಡೆ ಒಂದು ಮಾತ್ರ ತೂತಾಗಿದೆ, ಉಳಿದದ್ದೆಲ್ಲ ಗಟ್ಟಿ. ಗೇರ್‌ಬಾಕ್ಸಿನಿಂದ ಸೋರಿದ ಆಯಿಲ್ ನಡುಭಾಗವನ್ನು ಕಾಪಾಡಿದೆ ಅನ್ನಿಸುತ್ತದೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಇದು ಮಾಮೂಲಿ.

ನಾನು ಇನ್ನೂ ಜಾಸ್ತಿ ಹೆದರಿದ್ದು ಸೀಟಿನ ಹಿಂದಿನ ಜಾಗಕ್ಕೆ. ಹಿಂದಿನ ಚಕ್ರವನ್ನು ಮುಂದೆ ಹಿಂದೆ ಹೋಗದಂತೆ ಹಿಡಿಯುವ ರೇಡಿಯಸ್ ಆರ್ಮ್ ಈ ಗಾಡಿಯಲ್ಲಿ ಚಾಸಿಗೆ ಅಲ್ಲ, ಬಾಡಿ ತಗಡಿಗೇ ಬೋಲ್ಟ್ ಆಗಿರುತ್ತದೆ. ಅಲ್ಲಿ ತುಕ್ಕು ಹಿಡಿದರೆ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಅಡ್ಡ ಹೋಗುತ್ತದೆ. ಕಾರ್ಪೆಟ್ ಎತ್ತಿ ಟಾರ್ಚ್ ಹಾಕಿ ನೋಡಿದೆವು. ಎರಡೂ ಕಡೆ ಒರಿಜಿನಲ್ ಸ್ಪಾಟ್ ವೆಲ್ಡ್ ಹಾಗೇ ಕಾಣುತ್ತಿವೆ. ಆ ಜಾಗ ಹೋಗಿದ್ದಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ.

ಎಡಗಡೆ ಫ್ಲೋರ್ ಹೋಗಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯೂ ಜಾಲರಿ. ಬಾನೆಟ್ ಪರವಾಗಿಲ್ಲ. ಇದು ಖುಷಿಯ ವಿಷಯ, ಯಾಕೆಂದರೆ ಈ ಗಾಡಿಯಲ್ಲಿ ಮುಂದಿನ ಮಡ್‌ಗಾರ್ಡು, ಹೆಡ್‌ಲೈಟ್ ಗೂಡು, ಬಾನೆಟ್ ಎಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿ ತೆರೆಯುತ್ತದೆ, ಅದನ್ನು ಇಲ್ಲಿ ಕೈಯಲ್ಲಿ ಹೊಡೆದು ಮಾಡೋದು ಆಗದ ಮಾತು.

ಎಂಜಿನ್, ಸಸ್ಪೆನ್ಷನ್

ಬೇಗ ಹೇಳುತ್ತೇನೆ. ಎಂಜಿನ್ ಕೈಯಲ್ಲಿ ತಿರುಗುತ್ತದೆ, ಜಾಮ್ ಆಗಿಲ್ಲ. ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದು ಕೆಳಗೆ ಬೀಳುವ ರೋಗ ಇದೆ. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿದ್ದರೆ ಇನ್ನೊಬ್ಬರು ಮುಂದಿನ ಪುಲ್ಲಿ ನೋಡಬೇಕು. ಪುಲ್ಲಿ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿದರೆ ತೊಂದರೆ. ಇಲ್ಲಿ ಆಡಲಿಲ್ಲ.

ಮುಂದಿನ ಚಕ್ರ ತಿರುಗಲು ಇರುವ ಕೆಳಗಿನ ಕೀಲು, ಅಂದರೆ ಟ್ರನಿಯನ್, ಎರಡೂ ಬದಲಿಸಲೇಬೇಕು, ಅದರಲ್ಲಿ ಕೂರುವ ಉದ್ದ ಲಿಂಕ್ ಸಮೇತ. ಹಿತ್ತಾಳೆಯ ಟ್ರನಿಯನ್ ಒಳಗೆ ಲಿಂಕಿನ ಉಕ್ಕಿನ ಮರೆ (ಸ್ಕ್ರೂ ಥ್ರೆಡ್) ತಿರುಗುತ್ತದೆ. ಅದಕ್ಕೆ 90 ನಂಬರ್ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ನಿಪ್ಪಲ್ ಜಾಗ ಕಂಡ ಕೂಡಲೇ ಎಲ್ಲರೂ ಗ್ರೀಸ್ ತುಂಬುತ್ತಾರೆ. ಗ್ರೀಸ್ ಕೆಳಗಿನವರೆಗೆ ಇಳಿಯುವುದಿಲ್ಲ, ನೀರು ಸೇರುತ್ತದೆ, ಮರೆ ತುಕ್ಕು ಹಿಡಿದು ಒಂದು ದಿನ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹೆರಾಲ್ಡ್ ಇದ್ದರೆ ನಾಳೆಯೇ ಬಿಚ್ಚಿ ನೋಡಿ, ಅದರಲ್ಲೂ ಇದೇ ಏರ್ಪಾಡು.

ಹೆರಾಲ್ಡ್ ಇರೋದರಿಂದ ನನಗೆ ಬುಷ್, ಸ್ಟೀರಿಂಗ್ ಸಾಮಾನು ಇಂಥ ಸಣ್ಣಪುಟ್ಟದ್ದು ಕೈಯಲ್ಲೇ ಇವೆ. ಡಿಫರೆನ್ಷಿಯಲ್ ಕೂಡ ಕೂರುತ್ತದೆ, ಆದರೆ 948 ಸಿಸಿ ಹೆರಾಲ್ಡಿನ ಗೇರ್ ರೇಶಿಯೋ ಬೇರೆ, ಅದನ್ನು ಹಾಕಿದರೆ ಬೆಂಗಳೂರು ಹೈವೇಯಲ್ಲಿ ಎಂಜಿನ್ ಸುಮ್ನೆ ಕಿರುಚುತ್ತದೆ. ಇದರದ್ದೇ ಉಳಿಸಿಕೊಳ್ಳುತ್ತೇನೆ.

ಗೆಳೆಯನೊಬ್ಬ ಸ್ಯಾನ್ ಸ್ಟಾರ್ಮ್ ತಗೋ ಅಂತ ಹಿಡಿದಿದ್ದಾನೆ. ಗೋವಾದಲ್ಲಿ ತಯಾರಾದ, ರೆನೋ ಎಂಜಿನ್ ಇದ್ದ ಎರಡು ಸೀಟಿನ ಗಾಡಿ ಅದು. ಫೈಬರ್ ಬಾಡಿ, ಹೊರಗೆ ತುಕ್ಕಿನ ಮಾತೇ ಇಲ್ಲ. ಒಳ್ಳೆ ಸಲಹೆಯೇ, ನಮ್ಮ ದೇಶದಲ್ಲೇ ಹುಟ್ಟಿದ ಸ್ಪೋರ್ಟ್ಸ್ ಕಾರು ಅಂತ ನನಗೂ ಅದರ ಮೇಲೆ ಗೌರವ ಇದೆ. ಆದರೆ ನನಗೆ ಬೇಕಿರೋದು ಹೆರಾಲ್ಡ್ ಮನೆತನದ ಗಾಡಿ. ಎರಡೂ ಒಂದೇ ಶೆಡ್ಡಿನಲ್ಲಿ ನಿಲ್ಲಬೇಕು ಅನ್ನೋ ಆಸೆ.

ದುಡ್ಡು, ಕಾಗದ

ಇಂಗ್ಲೆಂಡಿನಲ್ಲಿ ಈ ಗಾಡಿಯ ಸಿಲ್, ಫ್ಲೋರ್ ಎಲ್ಲ ಈಗಲೂ ಹೊಸದು ಸಿಗುತ್ತವೆ. ಆದರೆ ಅಷ್ಟುದ್ದದ ತಗಡು ಬಗ್ಗದಂತೆ ಬರಬೇಕು, ಸಾಗಣೆ ಮತ್ತು ಕಸ್ಟಮ್ಸ್ ಸೇರಿದರೆ ಬೇಡ ಅನ್ನಿಸುತ್ತದೆ. ಸಿಲ್ ಆಕಾರ ಅಷ್ಟೇನೂ ಕಷ್ಟದ್ದಲ್ಲ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ 18 ಗೇಜ್ ಸಿಆರ್ ಶೀಟ್ ಬೆಂಡಿಂಗ್ ಮೆಷಿನ್ನಿನಲ್ಲಿ ಮಡಚಿಸಬಹುದು, ಬಲಗಡೆಯ ಗಟ್ಟಿ ಸಿಲ್ ಅಳತೆಗೆ ಇದ್ದೇ ಇದೆ. ಒಂದು ಪಕ್ಕ ಒರಿಜಿನಲ್ ಉಳಿದಿರೋದು ಎಷ್ಟು ದೊಡ್ಡ ಅನುಕೂಲ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಭಾಯ್ ಲೆಕ್ಕದಲ್ಲಿ ತಗಡಿನ ಕೆಲಸಕ್ಕೆ 2 ಲಕ್ಷ. ಪೇಂಟಿಗೆ ಒಂದೂವರೆ. ಬ್ರೇಕು, ಸಸ್ಪೆನ್ಷನ್, ಕಾರ್ಬ್ಯುರೇಟರ್‌ಗೆ ಇನ್ನೊಂದು ಲಕ್ಷ ಇಟ್ಟುಕೊಂಡಿದ್ದೇನೆ.

ಆರ್‌ಸಿ ಹಳೇದು, ನಂಬರ್ ಹಳೇ ಮೈಸೂರು ರಾಜ್ಯದ ಎಂವೈಯಿಂದ ಶುರುವಾಗುತ್ತದೆ. ಚಾಸಿ ಪ್ಲೇಟಿನ ನಂಬರ್ ಮಾರ್ಕ್ 3ಕ್ಕೆ ಇರಬೇಕಾದ ಹಾಗೆ ಎಫ್‌ಡಿಯಿಂದಲೇ ಶುರುವಾಗಿದೆ, ಆರ್‌ಸಿ ಜೊತೆ ತಾಳೆಯಾಗುತ್ತದೆ. ಎಫ್‌ಸಿ ಮುಗಿದು ಹೋಗಿದೆ, ಮಾಡಿಸಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಆ ದಾರಿಯೂ ಇದೆ, 20,000 ರೂಪಾಯಿ ಫೀಸು, 10 ವರ್ಷ ನಡೆಯುತ್ತದೆ. ಆದರೆ ಹಾಗೆ ಮಾಡಿಸಿದರೆ ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕೆ ಬಿಟ್ಟು ರಸ್ತೆಯಲ್ಲಿ ದಿನಾ ಓಡಿಸುವಂತಿಲ್ಲ. ನಾನು ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿಸೋಕೆ ಅಂತಲೇ ತಗೊಳ್ಳುತ್ತಿರೋದು. ಮಾಮೂಲಿ ಆರ್‌ಸಿಯಲ್ಲೇ ಇರಲಿ.

ತೀರ್ಮಾನ

ತಗೊಳ್ಳುತ್ತಿದ್ದೇನೆ. 9ಕ್ಕೆ ಅಲ್ಲ. ಗೋಣಿಚೀಲದ ತುಂಡನ್ನೂ ಪುಡಿಯಾದ ತಗಡನ್ನೂ ಯಜಮಾನರ ಮುಂದೆ ಇಟ್ಟು, ಎಲ್ಲಿ ಎಷ್ಟು ಖರ್ಚು ಬರುತ್ತದೆ ಅಂತ ಬಿಡಿಸಿ ಹೇಳಿದೆ. ಅವರು ಆ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು.

'ನಮ್ಮಣ್ಣ ಯಾವ್ದೋ ಗ್ಯಾರೇಜಿಗ್ ಕೊಟ್ಟಿದ್ದ, ಇಂಗ್ ಮಾಡವ್ರೆ ಅಂತ ಅವನ್ಗೂ ಗೊತ್ತಿರ್ನಿಲ್ಲ. ಆರ್ ಕೊಟ್ಟು ತಗೊಂಡೋಗು, ಗಾಡಿ ಓಡ್ದಾಗ ಒಂದ್ಸಲ ತಂದು ತೋರ್ಸು' ಅಂದರು.

6 ಲಕ್ಷಕ್ಕೆ ಒಪ್ಪಿ ಮುಂಗಡ ಕೊಟ್ಟು ಬಂದಿದ್ದೇನೆ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆಗಿದೆ. ಬರುವಾಗ ಅವರ ಮನೆಯಿಂದಲೇ ದನದ ಮೇವಿಗೆ ಬೆರೆಸುವ ಕಾಕಂಬಿ ಒಂದು ಕ್ಯಾನ್ ತಂದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ತುಕ್ಕು ಹಿಡಿದ ಸಣ್ಣ ಕಬ್ಬಿಣದ ಸಾಮಾನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಬಿಟ್ಟು ಬರೀ ಲೋಹ ಉಳಿಯುತ್ತದೆ. ಬಾನೆಟ್ ಹಿಂಜು, ಸೀಟ್ ಫ್ರೇಮು ಅದರಲ್ಲೇ ಹೋಗುತ್ತವೆ. ಅಲ್ಯೂಮಿನಿಯಂ ಮಾತ್ರ ಹಾಕಬಾರದು, ತಿಂದುಬಿಡುತ್ತದೆ.

ಗಾಡಿ ಮುಂದಿನ ವಾರ ಟೆಂಪೋದಲ್ಲಿ ಬರುತ್ತದೆ. ಬಂದ ಮೇಲೆ ಮೊದಲ ಕೆಲಸ ಕತ್ತರಿಸೋದಲ್ಲ. ಬಾಡಿಯನ್ನು ಚಾಸಿಯಿಂದ ಬಿಚ್ಚದೆ, ಎಡಗಡೆ ಜಾಕಿಯಲ್ಲಿ ಎತ್ತಿ ಬಾಗಿಲ ಸಂದು ಸರಿ ಬರುವವರೆಗೆ ತಂದು, ಬಾಗಿಲು ತೆಗೆದು ಆ ಜಾಗಕ್ಕೆ ಅಡ್ಡಲಾಗಿ ಚೌಕ ಪೈಪ್ ವೆಲ್ಡ್ ಮಾಡಿ ಬಾಡಿಯನ್ನು ಹಿಡಿದಿಡಬೇಕು. ಅದಾದ ಮೇಲೆಯೇ ಹಳೇ ಸಿಲ್ ಹೊರಗೆ. ಇಲ್ಲದಿದ್ದರೆ ಇಳಿದ ನಡು ಇಳಿದ ಹಾಗೇ ವೆಲ್ಡ್ ಆಗಿಬಿಡುತ್ತದೆ, ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಪೈಪ್ ಕಟ್ ಮಾಡಿಸಿ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಸಿಲ್ ಒಳಗೆ ಇನ್ನೂ ಏನೇನು ಸಿಗುತ್ತದೋ, ಬಿಚ್ಚಿದ ದಿನ ಫೋಟೋ ಸಮೇತ ಬರೆಯುತ್ತೇನೆ.