ರಾಯಚೂರಿನಿಂದ ದುಬೈಗೆ: ಕೋವಿಡ್ ಕಾಲದ 48 ಗಂಟೆಯ ಲೆಕ್ಕ

ಅಕ್ಕನ ಬಾಣಂತನಕ್ಕೆಂದು ಅವ್ವನನ್ನು ದುಬೈಗೆ ಕರೆದುಕೊಂಡು ಹೋಗಿ, ಅಲ್ಲೇ ಬಿಟ್ಟು, 2021ರ ಡಿಸೆಂಬರ್ ಕೊನೆಗೆ ನಾನೊಬ್ಬನೇ ವಾಪಸ್ ಬಂದೆ. ಬಂದಾಗಿನಿಂದ ಫೋನ್ ಮೇಲೆ ಫೋನ್. ಸಿಂಧನೂರಿನಿಂದ, ಮಾನ್ವಿಯಿಂದ, ಗಂಗಾವತಿಯಿಂದ. ಮಕ್ಕಳು ಗಲ್ಫ್‌ನಲ್ಲಿರುವ ಮನೆಗಳು ನಮ್ಮ ಕಡೆ ಎಷ್ಟಿವೆ ಅಂತ ಆಗ ಗೊತ್ತಾಯಿತು. ಎಲ್ಲರಿಗೂ ಬೇಕಾದದ್ದು ಒಂದೇ ಉತ್ತರ: ಕೋವಿಡ್ ಟೆಸ್ಟ್ ಎಲ್ಲಿ ಮಾಡಿಸಬೇಕು, ಯಾವಾಗ ಮಾಡಿಸಬೇಕು? ಅದಕ್ಕೇ 2022ರ ಜನವರಿಯಲ್ಲಿ ಇದನ್ನು ಬರೆದೆ. ಇದರಲ್ಲಿನ ಕೋವಿಡ್ ನಿಯಮಗಳು ಆಗಿನವು, ಈಗ ಇಲ್ಲ.

ಭಾರತದಿಂದ ದುಬೈಗೆ ಹೋಗುವವರಿಗೆ ಆಗ ಮೂರು ಟೆಸ್ಟ್ ಇದ್ದವು. ವಿಮಾನ ಹೊರಡುವ ಮುಂಚಿನ 48 ಗಂಟೆಯೊಳಗೆ ಆರ್‌ಟಿಪಿಸಿಆರ್, ಅಂದರೆ ಸ್ಯಾಂಪಲ್‌ನಲ್ಲಿ ವೈರಸ್ ಇದೆಯೇ ಅಂತ ಲ್ಯಾಬ್‌ನಲ್ಲಿ ನೋಡುವ ಟೆಸ್ಟ್. ಹೊರಡುವ ಮುಂಚಿನ 6 ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲೇ ಬೇಗ ವರದಿ ಬರುವ ರ‍್ಯಾಪಿಡ್ ಪಿಸಿಆರ್. ದುಬೈನಲ್ಲಿ ಇಳಿದ ಮೇಲೆ ಮತ್ತೊಂದು. ಈ 48 ಗಂಟೆ ಶುರುವಾಗುತ್ತಿದ್ದದ್ದು ವರದಿ ಕೈಗೆ ಬಂದಾಗ ಅಲ್ಲ, ಮೂಗಿನಿಂದ ಸ್ಯಾಂಪಲ್ ತೆಗೆದ ಗಳಿಗೆಯಿಂದ. ಎಷ್ಟೋ ಜನ ಇಲ್ಲೇ ತಪ್ಪು ತಿಳಿಯುತ್ತಿದ್ದರು.

ಈಗ ರಾಯಚೂರಿನಿಂದ ಲೆಕ್ಕ ಹಾಕಿ ನೋಡಿ. ರ‍್ಯಾಪಿಡ್ ಟೆಸ್ಟ್‌ಗೆ 6 ಗಂಟೆ ಮೊದಲೇ ವಿಮಾನ ನಿಲ್ದಾಣದಲ್ಲಿರಬೇಕಿತ್ತು. ಹೈದರಾಬಾದ್ ವಿಮಾನ ನಿಲ್ದಾಣದವರೆಗಿನ ಕಾರಿನ ದಾರಿಗೆ, ನಡುವೆ ನಿಲ್ಲುವುದಕ್ಕೆ ಸೇರಿಸಿ 5 ಗಂಟೆ ಇಟ್ಟುಕೊಳ್ಳಿ. 48ರಲ್ಲಿ 11 ಹೋಯಿತು. ಉಳಿದದ್ದು 37. ಊರಲ್ಲಿ ಸ್ಯಾಂಪಲ್ ಕೊಟ್ಟರೆ ಆ 37 ಗಂಟೆಯೊಳಗೆ ವರದಿ ಬರಲೇಬೇಕಿತ್ತು. ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಿರಲಿಲ್ಲ. ಅಷ್ಟು ದುಡ್ಡು ಕೊಟ್ಟ ಟಿಕೆಟ್ಟನ್ನು ಆ ನಂಬಿಕೆ ಮೇಲೆ ಬಿಡುವಂತಿರಲಿಲ್ಲ. ಆಗ ನಾನು ಕೊಟ್ಟ ಸಲಹೆ ನೇರವಾಗಿತ್ತು: ಊರಲ್ಲಿ ಟೆಸ್ಟ್ ಬೇಡ. ವಿಮಾನದ ಹಿಂದಿನ ದಿನವೇ ಹೈದರಾಬಾದ್ ಮುಟ್ಟಿ, ಅಲ್ಲೇ ಸ್ಯಾಂಪಲ್ ಕೊಡಿ, ರಾತ್ರಿ ಅಲ್ಲೇ ಉಳಿಯಿರಿ. ರೂಮಿಗೆ ಆಗುವ ಖರ್ಚು ಟಿಕೆಟ್ ಹೋಗುವ ಖರ್ಚಿನ ಮುಂದೆ ಏನೂ ಅಲ್ಲ.

ಬೆಂಗಳೂರು ಯಾಕಲ್ಲ ಅಂತ ಕೆಲವರು ಕೇಳಿದರು. ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರ್ ದಾಟುತ್ತದೆ. ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಷಾಬಾದ್ ಸುಮಾರು ಅದರ ಅರ್ಧ. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರ. ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ವಿಮಾನ ನಿಲ್ದಾಣ ಸಿಗುತ್ತದೆ, ಟ್ರಾಫಿಕ್ ಕಾಟ ಇಲ್ಲ. ರೈಲಾದರೆ ಊರೊಳಗೆ ಇಳಿದು ಸಾಮಾನು ಹೊತ್ತು ಮತ್ತೆ ಹಿಂದಕ್ಕೆ ಬರಬೇಕು. ವಯಸ್ಸಾದವರಿದ್ದರೆ ಕಾರೇ ವಾಸಿ. ಬಳ್ಳಾರಿ, ಹೊಸಪೇಟೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬಹುದು. ಅವರೂ ಅಷ್ಟೇ, ಆಗ ಒಂದು ದಿನ ಮೊದಲು ಹೋಗಿ ಸ್ಯಾಂಪಲ್ ಅಲ್ಲೇ ಕೊಡಬೇಕಿತ್ತು.

ಲ್ಯಾಬ್‌ನಲ್ಲಿ ಕೌಂಟರ್ ಬಿಟ್ಟು ಬರುವ ಮೊದಲು ಬಾಯಿಬಿಟ್ಟು ಕೇಳಬೇಕಿತ್ತು: ವರದಿಯಲ್ಲಿ ಕ್ಯೂಆರ್ ಕೋಡ್ ಇರುತ್ತದಾ? ಸ್ಯಾಂಪಲ್ ತೆಗೆದ ಹೊತ್ತು ಇರುತ್ತದಾ? ಪಾಸ್‌ಪೋರ್ಟ್ ನಂಬರ್ ಹಾಕುತ್ತೀರಾ? ಕ್ಯೂಆರ್ ಕೋಡ್ ಇಲ್ಲದ ವರದಿಯನ್ನು ದುಬೈಗೆ ಹೋಗುವಾಗ ಒಪ್ಪುತ್ತಿರಲಿಲ್ಲ. ಅದನ್ನು ಸ್ಕ್ಯಾನ್ ಮಾಡಿದಾಗ ಮೂಲ ವರದಿ ತೆರೆದುಕೊಳ್ಳಬೇಕಿತ್ತು. ನಮ್ಮ ವರದಿ ಬಂದಾಗ ಅವ್ವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಫೋನ್ ಮಾಡಿದರೆ "ಅಷ್ಟಕ್ಕೆ ಏನೂ ಆಗಲ್ಲ ಸಾರ್" ಅಂದರು. ನಾನು ಬಿಡಲಿಲ್ಲ, ಮತ್ತೆ ಲ್ಯಾಬ್‌ಗೇ ಹೋಗಿ ಸರಿ ಮಾಡಿಸಿದೆ. ಬಿಡುವಂತೆಯೂ ಇರಲಿಲ್ಲ. ಚೆಕ್‌ಇನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸಿ ನೋಡುತ್ತಿದ್ದರು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ಆಧಾರ್‌ನಲ್ಲಿ ಒಂದೇ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು, ಮನೆತನದ ಹೆಸರು ಎಲ್ಲ ಪೂರ್ತಿ. ಕೋವಿಡ್ ಲಸಿಕೆ ಹಾಕಿಸುವಾಗ ಆಧಾರ್ ಕೊಟ್ಟಿದ್ದೆವು, ಸರ್ಟಿಫಿಕೇಟ್ ಹಾಗೇ ಬಂದಿತ್ತು. ಲಸಿಕೆಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಲಾಗಿನ್ ಆದರೆ ತಿದ್ದುಪಡಿಗೆ ದಾರಿ ಇತ್ತು. ಆದರೆ ಒಂದೇ ಸಲ. ಹಾಗಾಗಿ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು, ನಿಧಾನಕ್ಕೆ ಟೈಪ್ ಮಾಡಬೇಕಿತ್ತು. ಮೊದಲು ಹೆಸರು ಸರಿ ಮಾಡಿ, ಆಮೇಲೆ ಪಾಸ್‌ಪೋರ್ಟ್ ನಂಬರ್ ಸೇರಿಸಬೇಕಿತ್ತು. ಹುಟ್ಟಿದ ತಾರೀಖು ಪೂರ್ತಿ ಇರುವ ಅಂತಾರಾಷ್ಟ್ರೀಯ ಸರ್ಟಿಫಿಕೇಟ್ ಕೂಡ ಆಗ ಅಲ್ಲೇ ಸಿಗುತ್ತಿತ್ತು. ಕೋವ್ಯಾಕ್ಸಿನ್ ಲಸಿಕೆ ಹಾಕಿಸಿಕೊಂಡವರು ಜಾಸ್ತಿ ಹೆದರಬೇಕಿರಲಿಲ್ಲ. 2021ರ ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೂ ನೀವು ಹೋಗುವ ದೇಶ ಅದನ್ನು ಒಪ್ಪಿದೆಯೇ ಅಂತ ಟಿಕೆಟ್ ಮಾಡುವ ಮೊದಲೇ ನೋಡಿಕೊಳ್ಳಬೇಕಿತ್ತು. ನಡುವೆ ವಿಮಾನ ಬದಲಿಸುವುದಿದ್ದರೆ ಆ ದೇಶದ ನಿಯಮವನ್ನೂ ನೋಡಬೇಕಿತ್ತು.

ದುಬೈನ ರೆಸಿಡೆನ್ಸ್ ವೀಸಾ (ಅಲ್ಲೇ ವಾಸಿಸುವವರ ವೀಸಾ) ಇರುವವರು ಜಿಡಿಆರ್‌ಎಫ್‌ಎ, ಅಂದರೆ ದುಬೈನ ವಲಸೆ ಇಲಾಖೆಯ ಅನುಮತಿಯನ್ನು ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕಿತ್ತು. ಶಾರ್ಜಾ, ಅಬುಧಾಬಿ ಕಡೆಯ ವೀಸಾಕ್ಕೆ ಐಸಿಎ, ಅಂದರೆ ದುಬೈ ಸೇರಿದ ಯುಎಇ ದೇಶದ ಕೇಂದ್ರ ವಲಸೆ ಸಂಸ್ಥೆಯ ಅನುಮತಿ ಬೇಕಿತ್ತು.

ಇನ್ನು ವಿಮಾನ ನಿಲ್ದಾಣದ ರ‍್ಯಾಪಿಡ್ ಟೆಸ್ಟ್. ಇದಕ್ಕೆ ಆಗ ಸಾಮಾನ್ಯ ಟೆಸ್ಟ್‌ಗಿಂತ ಹಲವು ಪಟ್ಟು ದುಡ್ಡು, ಎಲ್ಲ ನಮ್ಮ ಕೈಯಿಂದಲೇ. ಅದಕ್ಕಿಂತ ಕಷ್ಟ, ವರದಿ ಬರುವವರೆಗೆ ಕೂರುವುದು. ನಮ್ಮ ಮುಂದೆ ಮಾನ್ವಿ ಕಡೆಯ ಒಬ್ಬ ಹುಡುಗ ಕುಳಿತಿದ್ದ. ಕೆಲಸಕ್ಕೆ ವಾಪಸ್ ಹೊರಟಿದ್ದ. ಹಿಂದಿನ ದಿನದ ವರದಿ ನೆಗೆಟಿವ್, ಇಲ್ಲಿ ಪಾಸಿಟಿವ್. ಜ್ವರ ಇಲ್ಲ, ಕೆಮ್ಮು ಇಲ್ಲ. ಸ್ವಲ್ಪ ದಿನದ ಹಿಂದೆ ಕೋವಿಡ್ ಬಂದು ಹೋಗಿತ್ತಂತೆ. ಪಿಸಿಆರ್ ಟೆಸ್ಟ್ ವೈರಸ್‌ನ ಚೂರುಗಳನ್ನೂ ಹಿಡಿಯುತ್ತದೆ. ಗುಣವಾದ ಮೇಲೂ ಕೆಲವರಲ್ಲಿ ವಾರಗಟ್ಟಲೆ ಅವು ಉಳಿದಿರುತ್ತವೆ. ಅವನು ಟ್ರಾಲಿ ತಳ್ಳಿಕೊಂಡು ಹೊರಗೆ ಹೋಗುವುದನ್ನು ನೋಡಿ ಅವ್ವ ಅತ್ತೇಬಿಟ್ಟಳು. ನನಗೂ ತಡೆಯಲು ಆಗಲಿಲ್ಲ. ಮನೆಯಲ್ಲಿ ಸಾಲ ಮಾಡಿ ಟಿಕೆಟ್ ಕೊಂಡಿರುತ್ತಾರೆ, ಅಲ್ವಾ?

ಹಾಗಾಗಿ ಆಗಷ್ಟೇ ಕೋವಿಡ್ ಬಂದು ಹೋಗಿದ್ದವರು ಟಿಕೆಟ್ ಮಾಡುವ ಮೊದಲೇ ಒಮ್ಮೆ ಆರ್‌ಟಿಪಿಸಿಆರ್ ಮಾಡಿಸಿ ನೋಡಬೇಕಿತ್ತು. ಪಾಸಿಟಿವ್ ಬಂದರೆ ತಾರೀಖು ಮುಂದಕ್ಕೆ ಹಾಕಬೇಕಿತ್ತು. ಎಲ್ಲರೂ ತಾರೀಖು ಬದಲಿಸಲು ಅವಕಾಶ ಇರುವ ಟಿಕೆಟ್ಟನ್ನೇ ಕೊಳ್ಳಿ. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಏಜೆಂಟ್ ಮಾತಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಕೇಳಿ ಪಡೆಯಿರಿ. ವಯಸ್ಸಾದವರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ ಅಂತ ಸುಮ್ನೆ ಬಿಡಬೇಡಿ, ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲುವುದು ಬೇರೆ ಮಾತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದರಿಂದ ಆ ರಾತ್ರಿ ನಮ್ಮ ಹೊಟ್ಟೆ ತಣ್ಣಗಿತ್ತು. ಮಾಸ್ಕ್ ಬೇರೆ ಎರಡು ಮೂರು ಇರಬೇಕಿತ್ತು. ವಾಲ್ವ್ ಇರುವ ಮಾಸ್ಕನ್ನು ಆಗ ಕೆಲವು ವಿಮಾನಗಳಲ್ಲಿ ಒಪ್ಪುತ್ತಿರಲಿಲ್ಲ.

ಬಾಣಂತನಕ್ಕೆ ಹೋಗುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಂಟಿನುಂಡಿಗೆ ಗಸಗಸೆ ಹಾಕಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧ. ಅಲ್ಲಿನ ಕಾನೂನು ಅದನ್ನು ಮಾದಕ ವಸ್ತುವಿನ ಜೊತೆ ಇಡುತ್ತದೆ. ಅಡುಗೆಗೆ ತಂದಿದ್ದೇನೆ ಅಂದರೆ ಕೇಳುವವರಿಲ್ಲ. ಮಸಾಲೆ ಪುಡಿಯಲ್ಲೂ ಇರಬಾರದು. ಅವ್ವ ಈ ಸಲ ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲದಲ್ಲೇ ಉಂಡಿ ಕಟ್ಟಿದಳು. ಅಕ್ಕನಿಗೆ ರುಚಿ ಏನೂ ಕಡಿಮೆ ಅನ್ನಿಸಲಿಲ್ಲ. ಬಿಪಿ, ಶುಗರ್ ಮಾತ್ರೆಗೆ ಡಾಕ್ಟರ್ ಚೀಟಿ ಜೊತೆಗಿರಲಿ. ಕೊಡೀನ್, ಟ್ರಮಡಾಲ್‌ನಂಥ ಅಮಲಿನ ಅಂಶ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆ ಮನೆಯಲ್ಲೇ ಬಿಟ್ಟು ಹೋಗಿ.

ದುಬೈನಲ್ಲಿ ಇಳಿದ ಮೇಲೆ ಕಷ್ಟ ಇರಲಿಲ್ಲ. ಸ್ಯಾಂಪಲ್ ತೆಗೆದು ಕಳಿಸುತ್ತಿದ್ದರು, ವರದಿ ಬರುವವರೆಗೆ ಮನೆಯಲ್ಲೇ ಇರಬೇಕಿತ್ತು. ಭಾವ ಒಂದು ಕೋಣೆ ತೆರವು ಮಾಡಿಟ್ಟಿದ್ದರು. ವರದಿ ಬಂದ ಮೇಲೆಯೇ ಅವ್ವ ಕೂಸನ್ನು ಮುಟ್ಟಿದಳು. ಹಸಿ ಬಾಣಂತಿ ಇರುವ ಮನೆಗೆ ಹೋಗುವವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಿತ್ತು.

ವಾಪಸ್ ಬರುವಾಗ ಭಾರತ ಸರ್ಕಾರದ ಏರ್ ಸುವಿಧಾ ಪೋರ್ಟಲ್ ಇತ್ತು. ವಿಮಾನ ಹತ್ತುವ ಮೊದಲು ಅದರಲ್ಲಿ ಅರ್ಜಿ ತುಂಬಿ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ, ಪಾಸ್‌ಪೋರ್ಟ್ ಪ್ರತಿ ಹಾಕಬೇಕಿತ್ತು. ಕಳೆದ 14 ದಿನ ಎಲ್ಲೆಲ್ಲಿ ಹೋಗಿದ್ದಿರಿ ಅಂತಲೂ ಬರೆಯಬೇಕಿತ್ತು. ಫೋನ್‌ನಲ್ಲಿ ತೆಗೆದ ಫೋಟೋ ಬದಲು ಪಿಡಿಎಫ್ ಮಾಡಿಟ್ಟುಕೊಳ್ಳಬೇಕಿತ್ತು. ತುಂಬಿ ಮುಗಿಸಿದ ಪ್ರತಿಯನ್ನು ಪ್ರಿಂಟ್ ತೆಗೆಯಬೇಕಿತ್ತು. ನಿಯಮ ದಿನ ದಿನಕ್ಕೆ ಬದಲಾಗುತ್ತಿತ್ತು. 2021ರ ಡಿಸೆಂಬರ್ 15ರಿಂದ ಮಾಮೂಲಿ ಅಂತಾರಾಷ್ಟ್ರೀಯ ವಿಮಾನಗಳು ಶುರು ಅಂದಿದ್ದರು. ಕೋವಿಡ್‌ನ ಹೊಸ ರೂಪಾಂತರ ಒಮಿಕ್ರಾನ್ ಬಂತು, ಡಿಸೆಂಬರ್ 1ಕ್ಕೇ ಅದನ್ನು ತಡೆಹಿಡಿದರು. 2022ರ ಜನವರಿಯಲ್ಲೂ ಏರ್ ಬಬಲ್ ವಿಮಾನಗಳೇ, ಅಂದರೆ ಎರಡು ದೇಶಗಳು ತಮ್ಮೊಳಗೆ ಒಪ್ಪಿ ಓಡಿಸುತ್ತಿದ್ದ ವಿಮಾನಗಳೇ ಗತಿಯಾಗಿತ್ತು. ಹೊರಡುವ ಹಿಂದಿನ ದಿನ ಮತ್ತೆ ಒಮ್ಮೆ ನಿಯಮ ನೋಡಿ.

ನಾನು ಬಂದಾಗ ಇರಲಿಲ್ಲ, ಆಮೇಲೆ ಬಂದವರಿಗೆ ಇತ್ತು: 2022ರ ಜನವರಿ 11ರಿಂದ ಹೊರದೇಶದಿಂದ ಬಂದವರೆಲ್ಲ 7 ದಿನ ಮನೆಯಲ್ಲೇ ಇರಬೇಕಿತ್ತು. 8ನೇ ದಿನ ಆರ್‌ಟಿಪಿಸಿಆರ್ ಮಾಡಿಸಿ, ವರದಿಯನ್ನು ಅದೇ ಏರ್ ಸುವಿಧಾ ಪೋರ್ಟಲ್‌ಗೆ ಹಾಕಬೇಕಿತ್ತು. ಈ ಟೆಸ್ಟ್‌ಗೆ ಗಂಟೆ ಲೆಕ್ಕ ಇರಲಿಲ್ಲ, ರಾಯಚೂರಿನಲ್ಲೇ ಮಾಡಿಸಬಹುದಿತ್ತು. ಅರ್ಜಿಯಲ್ಲಿ ನೀವು ನಿಜವಾಗಿ ಇರುವ ಮನೆಯ ವಿಳಾಸ, ನಡೆಯುತ್ತಿರುವ ಫೋನ್ ನಂಬರ್ ಕೊಡಬೇಕಿತ್ತು. ಶಂಷಾಬಾದ್‌ನಿಂದ ರಾತ್ರಿ ಹೊರಟರೆ ಕೃಷ್ಣಾ ಸೇತುವೆ ಈಚೆ ನಮ್ಮಲ್ಲಿ ಆಗ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಇತ್ತು. ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್ ಬಿಸಾಡದೆ ಡ್ರೈವರ್ ಪಕ್ಕದಲ್ಲೇ ಇಟ್ಟುಕೊಳ್ಳಬೇಕಿತ್ತು.