ಕರ್ವಾಲೊ ಓತಿ ಕೊನೆಗೂ ಮಗುಚದೆ ತೇಲಿತು

ತಾರಸಿಯ ಕಂಬದಿಂದ ಬಿಟ್ಟ, ನಾನೇ ಕಟ್ಟಿದ ಹಾರುವ ಓತಿಯ ಮಾದರಿ ಅಂತೂ ಅಂಗಾತ ಬೀಳದೆ, ಬುಗುರಿಯ ಹಾಗೆ ಸುತ್ತದೆ, ಅಂಗಳ ದಾಟಿಕೊಂಡು ಹೋಗಿ ತೆಂಗಿನ ಬುಡಕ್ಕೆ ಮೂತಿ ಗುದ್ದಿತು. ಎತ್ತರ 5 ಮೀಟರ್, ಹೋದ ದೂರ ಸುಮಾರು 11 ಮೀಟರ್. ಮೂತಿಯ ಜೇಡಿಮಣ್ಣು ಚಪ್ಪಟೆಯಾಗಿದೆ, ಒಂದು ಬಿದಿರು ಚೂರು ನಾಪತ್ತೆ. ಪರವಾಗಿಲ್ಲ. ಮೋಟಾರಿಲ್ಲ, ರಿಮೋಟಿಲ್ಲ, ಕಂಬಕ್ಕೆ ಅಂಟಿಕೊಂಡು ಕೂತಿದ್ದು, ಕೆಳಕ್ಕೆ ಜಿಗಿದು, ನಡುಗಾಳಿಯಲ್ಲಿ ರೆಕ್ಕೆ ಬಿಚ್ಚಿ ತೇಲಬೇಕು ಅನ್ನುವುದೇ ಷರತ್ತು.

ಷರತ್ತು ಹಾಕಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಕಾದಂಬರಿ ಬಂದದ್ದು 1980ರಲ್ಲಿ, ಹಾಗಾಗಿ ಕೊನೆ ಹೇಳಿಬಿಟ್ಟರೆ ಯಾರೂ ಜಗಳಕ್ಕೆ ಬರಲಾರರು ಅಂದುಕೊಂಡಿದ್ದೇನೆ: ವಿಜ್ಞಾನಿ ಕರ್ವಾಲೊ, ಮಂದಣ್ಣ, ಪ್ರಭಾಕರ, ಬಿರಿಯಾನಿ ಕರಿಯಪ್ಪ, ನಿರೂಪಕ, ಕಿವಿ ಅನ್ನುವ ನಾಯಿ ಎಲ್ಲರೂ ಕಾಡು ಸುತ್ತಿ ಹುಡುಕಿದ ಹಾರುವ ಓತಿ, ಇನ್ನೇನು ಸಿಕ್ಕಿತು ಅನ್ನುವಾಗ ಪ್ರಪಾತಕ್ಕೆ ಹಾರಿ ತೇಲಿ ಹೋಗುತ್ತದೆ. ರೆಕ್ಕೆ ಬಿಚ್ಚಿಟ್ಟ ಗ್ಲೈಡರನ್ನು ಕೈಯಿಂದ ಎಸೆಯುವುದು ಯಾರಿಗೂ ಬರುತ್ತದೆ. ಮಡಿಸಿದ ರೆಕ್ಕೆಯಿಂದ ಶುರು ಮಾಡಿ ಬೀಳುವುದನ್ನು ತೇಲುವುದಾಗಿ ತಿರುಗಿಸುವುದಿದೆಯಲ್ಲ, ಅಲ್ಲೇ ಇಡೀ ಮಳೆಗಾಲ ಕೊಚ್ಚಿಹೋಯಿತು.

ಅಳತೆ ಒಮ್ಮೆ ಹೇಳಿ ಮುಗಿಸುತ್ತೇನೆ. ನಮ್ಮ ಘಟ್ಟದ ಹಾರುವ ಓತಿ ಡ್ರಾಕೊ ಡುಸುಮಿಯೇರಿ. ದಕ್ಷಿಣ ಭಾರತದಲ್ಲಿ ಈ ಕುಲದ್ದು ಇದೊಂದೇ. ಬಾಲ ಸೇರಿ ಗೇಣುದ್ದ, ಅದರಲ್ಲಿ ಬಾಲದ್ದೇ ಹೆಚ್ಚಿನ ಪಾಲು. ಮಾದರಿ ಅದರ ಸುಮಾರು ಮೂರು ಪಟ್ಟು: ಮೈ 26 ಸೆಂ.ಮೀ., ಬಾಲ 36, ಬಿಚ್ಚಿದ ರೆಕ್ಕೆ ತುದಿಯಿಂದ ತುದಿಗೆ 28. ಮೈಗೆ 3 ಮಿ.ಮೀ. ಬಾಲ್ಸಾ ಅನ್ನುವ ಹಗುರ ಮರ, ಬೆನ್ನುಹುರಿಗೆ 2 ಮಿ.ಮೀ. ಕಾರ್ಬನ್ ಕಡ್ಡಿ, ಬಾಲಕ್ಕೆ 1 ಮಿ.ಮೀ.ನದು, ಒಂದೊಂದು ಪಕ್ಕಕ್ಕೆ ಸೀಳಿ ನಯ ಮಾಡಿದ ಆರು ಬಿದಿರು ಪಕ್ಕೆಲುಬು, ಅವುಗಳಿಗೆ ಹೊದೆಸಿದ ಪೊರೆಯೇ ರೆಕ್ಕೆ. ಒಟ್ಟು ತೂಕ 24 ಗ್ರಾಂ, ಅದರಲ್ಲಿ 3 ಗ್ರಾಂ ತಲೆಯ ಜೇಡಿ. ರೆಕ್ಕೆಯ ವಿಸ್ತೀರ್ಣ ಸುಮಾರು 3 ಚದರ ಡೆಸಿಮೀಟರ್. ಈ ತೂಕಕ್ಕೆ ಈ ರೆಕ್ಕೆ ಸೆಕೆಂಡಿಗೆ 4 ಮೀಟರ್‌ಗಿಂತ ಸ್ವಲ್ಪ ಹೆಚ್ಚು ವೇಗ ಬಾರದೆ ಹೊರುವುದಿಲ್ಲ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಮೊದಲ ವಿನ್ಯಾಸದಲ್ಲಿ ಎಡಕ್ಕೊಂದು ಬಲಕ್ಕೊಂದು ರಬ್ಬರ್ ಇತ್ತು. ಮಡಿಸಿ ಹಿಡಿದಿಟ್ಟ ಪಿನ್ ಕಿತ್ತರೆ ಎರಡೂ ರೆಕ್ಕೆ ಪಟ್ಟನೆ ಬಿಚ್ಚಿಕೊಳ್ಳಬೇಕು. ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು, ಅದೂ ನೋಡುವವರು ಚಪ್ಪಾಳೆ ತಟ್ಟುವ ಹಾಗೆ. ಗಾಳಿಯಲ್ಲಿ ಮಾತ್ರ ಪ್ರತಿ ಸಲ ಒಂದು ಪಕ್ಕ ಮುಂಚೆ. ಫೋನಿನ ಸ್ಲೋಮೋಷನ್‌ನಲ್ಲಿ ನೋಡಿದರೆ ಅಂತರ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಇದ್ದರೆ ಹೆಚ್ಚು. ಮೈ ಅಂಗಾತವಾಗಲು ಅಷ್ಟೇ ಸಾಕು. ಇಷ್ಟು ಹಗುರದ, ಇಷ್ಟು ಕುಳ್ಳು ರೆಕ್ಕೆಯ ವಸ್ತುವಿಗೆ ಉರುಳುವುದನ್ನು ತಡೆಯುವ ಶಕ್ತಿಯೇ ಇರುವುದಿಲ್ಲ. ರಬ್ಬರ್ ಬದಲಿಸಿದರೆ ಇನ್ನೊಂದು ಪಕ್ಕ ಮುಂಚೆ. ಥಂಡಿಗೆ ರಬ್ಬರಿನ ಬಿಗಿ ಬದಲಾಗುತ್ತದೆ, ಬಿದಿರಿನ ಕೀಲು ಉಬ್ಬುತ್ತದೆ, ಬೆಳಿಗ್ಗೆ ಸರಿ ಹೊಂದಿಸಿದ್ದು ಸಂಜೆಗೆ ತಪ್ಪು.

ಎರಡನೆಯ ರೋಗ ಇನ್ನೂ ಕೆಟ್ಟದ್ದು. ಎರಡೂ ಒಟ್ಟಿಗೆ ಬಿಚ್ಚಿದ ಅಪರೂಪದ ಸಲಗಳಲ್ಲಿ ಮೊದಲ ಪಕ್ಕೆಲುಬು ಗಾಳಿಯ ಒತ್ತಡಕ್ಕೆ ಹಿಂದಕ್ಕೆ ಬಾಗಿ, ಪೊರೆ ಸಡಿಲಾಗಿ ಪಟಪಟ ಬಡಿಯುತ್ತಿತ್ತು. ಕಡ್ಡಿ ದಪ್ಪ ಮಾಡೋಣ ಅಂದರೆ ತೂಕ ತುದಿಯಲ್ಲಿ ಕೂರುತ್ತದೆ, ಬಿಚ್ಚುವುದು ನಿಧಾನವಾಗುತ್ತದೆ. ಕಾರ್ಬನ್ ಹಾಕೋಣ ಅಂದರೆ ತೆಳ್ಳಗಿನದು ಕೀಲಿನ ಹತ್ತಿರ ಸೀಳುತ್ತದೆ. ಮುಂದಿನ ಅಂಚು ಗಟ್ಟಿ ನಿಲ್ಲದಿದ್ದರೆ ಅದು ರೆಕ್ಕೆಯಲ್ಲ, ಒಣಗಲು ಹಾಕಿದ ಪಂಚೆ.

ಪರಿಹಾರ ಓತಿಯ ಮೈಯಲ್ಲೇ ಇತ್ತು. ಪಶ್ಚಿಮ ಘಟ್ಟದ ಇದೇ ಡುಸುಮಿಯೇರಿಯನ್ನು ನೋಡಿ ಬರೆದ ಸಂಶೋಧನೆಯೊಂದು 2017ರಲ್ಲಿ ಪ್ರಕಟವಾಗಿದೆ. ಅದರ ತಿರುಳು ಇಷ್ಟು: ಓತಿ ಹಾರಿದ ಕೂಡಲೇ ಮುಂಗೈಗಳನ್ನು ಹಿಂದಕ್ಕೆ ಚಾಚಿ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಇಳಿಯುವ ಮುಂಚೆ ಬಿಡುತ್ತದೆ. ಚಿತ್ರಗಳಲ್ಲಿ ಓತಿಯ ಕೈಯನ್ನು ಮುಂದಕ್ಕೆ ಚಾಚಿ ಬರೆದಿರುವವರೆಲ್ಲ ಇಳಿಯುವ ಗಳಿಗೆಯನ್ನು ಬರೆದಿದ್ದಾರೆ ಅಂದುಕೊಳ್ಳೋಣ. ಪಕ್ಕೆಲುಬಿನ ವಿಚಾರದಲ್ಲೂ ಪ್ರಕೃತಿ ಜುಗ್ಗತನ ತೋರಿಸಿದೆ: ಸ್ನಾಯು ಎಳೆಯುವುದು ಮುಂದಿನ ಎರಡನ್ನು, ಉಳಿದವು ತಂತುಗಳ ಎಳೆತಕ್ಕೆ ಹಿಂದೆ ಬರುತ್ತವೆ.

ಹಾಗಾಗಿ ಎರಡು ರಬ್ಬರ್ ಕಿತ್ತು ಹಾಕಿ, ಬೆನ್ನುಹುರಿಯ ಮೇಲೆ ಜಾರುವ 12 ಮಿ.ಮೀ. ಉದ್ದದ ಹಿತ್ತಾಳೆ ಕೊಳವೆ ಕೂರಿಸಿದೆ. ಅದನ್ನು ಮುಂದಕ್ಕೆ ಎಳೆಯಲು ನಟ್ಟನಡುವೆ ಒಂದೇ ರಬ್ಬರ್. ಕೊಳವೆಯಿಂದ ಹೊರಡುವ, ಓತಿಯ ಮುಂಗೈಯಂಥ ಎರಡು ತೋಳಿಗೆ 0.8 ಮಿ.ಮೀ. ಸ್ಪ್ರಿಂಗ್ ತಂತಿ, ಎರಡೂ ಒಂದೇ ಅಳತೆಗೆ ಒಂದೇ ಮೊಳೆಪಟ್ಟಿಯ ಮೇಲೆ ಬಗ್ಗಿಸಿದ್ದು. ತೋಳಿನ ತುದಿಯಲ್ಲಿ ನೈಲಾನ್ ದಾರದ ಕುಣಿಕೆ. ಅದು ಮೊದಲ ಪಕ್ಕೆಲುಬನ್ನು ಮೈಯಿಂದ ಅದರ ಉದ್ದದ 40 ಶೇಕಡಾ ದೂರದಲ್ಲಿ ಹಿಡಿಯುತ್ತದೆ. ಹಿಂದಿನ ಐದು ಪಕ್ಕೆಲುಬುಗಳಿಗೆ 22 ಮಿ.ಮೀ. ಅಂತರದಲ್ಲಿ ದಾರದ ಗಂಟು, ಅಷ್ಟೇ. ಕೊಳವೆ ಒಂದೇ ಆದ್ದರಿಂದ ಎಡ ಬಲ ಬೇರೆಯಾಗುವ ಮಾತೇ ಇಲ್ಲ; ತಡವಾದರೆ ಎರಡೂ ತಡ. ಬಾಗುವುದೂ ನಿಂತಿತು. ಕಡ್ಡಿಗೆ ಆಧಾರವಿಲ್ಲದ ಉದ್ದ 60 ಶೇಕಡಾಕ್ಕೆ ಇಳಿದರೆ, ತುದಿಯ ಬಾಗು ಲೆಕ್ಕದ ಪ್ರಕಾರ ಉದ್ದದ ನಾಲ್ಕನೇ ಘಾತದಲ್ಲಿ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ಕಡ್ಡಿ ಹಳೆಯದೇ, ಅದಕ್ಕೆ ಒಂದು ಗ್ರಾಂ ಕೂಡ ಸೇರಿಸಿಲ್ಲ.

ತೋಳು ಇನ್ನೊಂದು ಉಪಕಾರವನ್ನೂ ಮಾಡಿತು. ಕುಣಿಕೆಯನ್ನು ಸ್ವಲ್ಪ ಬಿಗಿ ಮಾಡಿದರೆ ಮುಂದಿನ ಅಂಚು 8 ಮಿ.ಮೀ. ಕೆಳಗೆ ಜಗ್ಗಿ ರೆಕ್ಕೆಗೆ ಉಬ್ಬು ಬರುತ್ತದೆ. ಉಬ್ಬು ಬಂದರೆ ಮೂತಿ ಕೆಳಗಾಗುತ್ತದೆ, ಅದಕ್ಕೆ ಕೊನೆಯ ಪಕ್ಕೆಲುಬಿನ ತುದಿ 5 ಮಿ.ಮೀ. ಮೇಲಕ್ಕೆ ಎತ್ತಿ ಕಟ್ಟಬೇಕು. ಭಾರಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ, ಮುಂದು ಹಿಂದಿನ ಅಳತೆಯ 30 ಶೇಕಡಾ ಹಿಂದೆ. ಅದಕ್ಕಿಂತ ಹಿಂದೆ ಸರಿದರೆ ಮೂತಿ ಎತ್ತಿ, ನಿಂತು, ಬಾಲದ ಮೇಲೆ ಕೂರುತ್ತದೆ.

ಪಿನ್ ಕೀಳುವ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಬೇಕಿಲ್ಲ, ಕಂಬಕ್ಕೆ ಕಟ್ಟಿದ ದಾರ ಸಾಕು. ಓತಿ ದಾರದುದ್ದ ಬಿದ್ದ ಮೇಲೆ ಪಿನ್ ಕಿತ್ತುಬರುತ್ತದೆ. 50 ಸೆಂ.ಮೀ. ದಾರದಲ್ಲಿ ವೇಗ ಸೆಕೆಂಡಿಗೆ 3 ಮೀಟರ್ ಆಗಿರುವಾಗಲೇ ರೆಕ್ಕೆ ಬಿಚ್ಚುತ್ತದೆ; ಹೊರುವ ವೇಗವಿಲ್ಲ, ಮುಗ್ಗರಿಸುತ್ತದೆ. 90 ಸೆಂ.ಮೀ. ಕೊಟ್ಟರೆ 4.2 ಮೀಟರ್. ಅಲ್ಲಿಗೆ ಮೇಲಿನ ಸಂಖ್ಯೆ ಕೂಡಿಬಂತು. ಪಿನ್ ಭಾರಕೇಂದ್ರದ ಮೇಲೆ, ನಟ್ಟನಡುವೆ ಇರಲಿ, ಪಕ್ಕಕ್ಕೆ 5 ಮಿ.ಮೀ. ಸರಿದರೂ ದಾರದ ಜಗ್ಗಿಗೆ ಮೂತಿ ತಿರುಗುತ್ತದೆ.

ಪೊರೆಗೆ ಟಿಶ್ಯೂ ಕಾಗದ ಮಡಿಕೆಯಲ್ಲೇ ಹರಿಯಿತು. ಗಾಳಿಪಟದ ನೈಲಾನ್ ಮಡಿಸಿದಾಗ ಮುದ್ದೆ. ಕೊನೆಗೆ ನಿಂತದ್ದು ಗರಗರ ಸದ್ದು ಮಾಡುವ ತೆಳು ತರಕಾರಿ ಕವರ್. ಅದಕ್ಕೆ ಯಾವ ಗೋಂದೂ ಹಿಡಿಯುವುದಿಲ್ಲ, ಸೂಪರ್ ಗ್ಲೂ ಕೂಡ ಒಣಗಿ ಸಿಪ್ಪೆಯ ಹಾಗೆ ಏಳುತ್ತದೆ. ಪಕ್ಕೆಲುಬಿನ ಸುತ್ತ ಸುತ್ತಿ ಎರಡು ಬದಿ ಅಂಟುವ ಟೇಪ್ ಹಾಕುವುದೊಂದೇ ದಾರಿ. ಬಾಲ್ಸಾ ಕಳಿಸಿದ ಆನ್‌ಲೈನ್ ಅಂಗಡಿಯವರಿಗೆ ಒಂದು ಮಾತು: 3 ಮಿ.ಮೀ. ಅಂತ ಬಿಲ್ ಹಾಕಿದ ಹಲಗೆ ಒಂದು ತುದಿಯಲ್ಲಿ 2.4, ಇನ್ನೊಂದು ತುದಿಯಲ್ಲಿ 3.5 ಇದ್ದರೆ ಸರಾಸರಿ ಸರಿಯಿದೆ ಅನ್ನುವುದು ಉತ್ತರವಲ್ಲ. ಕಾರ್ಬನ್ ಕಡ್ಡಿಯನ್ನು ಡಬ್ಬಿಯ ಮೂಲೆಯಿಂದ ಮೂಲೆಗೆ ಬಗ್ಗಿಸಿ ತುರುಕಿದ್ದರು, ಬಿಲ್ಲುಬಾಣಕ್ಕೆ ಬೇಕಿದ್ದರೆ ಹೇಳಿಕಳಿಸುತ್ತಿದ್ದೆವು.

ಈ ಕೆಲಸದ ನಡುವೆ ‘ಕರ್ವಾಲೊ’ ಮತ್ತೆ ಓದಿದರೆ ಬೇರೆಯೇ ಪುಸ್ತಕ. ಅದರ ವಿಜ್ಞಾನ ಇರುವುದು ಕರ್ವಾಲೊರ ಮಾತುಗಳಲ್ಲಿ ಅಂತ ಪಾಠ ಮಾಡುವವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಓತಿಯನ್ನು ಮೊದಲು ಕಂಡವನು ಜೇನಿನ ಮಂದಣ್ಣ. ಮರ ಹತ್ತುವವರು, ಅಡುಗೆ ಮಾಡುವವರು, ಕ್ಯಾಮೆರಾ ಹಿಡಿಯುವವರು ಎಲ್ಲ ಸೇರಿದರೇನೇ ಅಲ್ಲಿ ಶೋಧನೆ. ವಿಜ್ಞಾನಿ ಆ ಗುಂಪಿನಲ್ಲಿ ಒಬ್ಬ, ಅಷ್ಟೇ. 1973ರ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ತೇಜಸ್ವಿ ನವ್ಯಕ್ಕೆ ಬೆನ್ನು ತಿರುಗಿಸಿದ್ದನ್ನು ಸಾಹಿತ್ಯದ ಜಗಳವಾಗಿ ಮಾತ್ರ ನೋಡಿದರೆ ಅರ್ಧ ತಪ್ಪಿಹೋಗುತ್ತದೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಕುವೆಂಪು ಮಗನಾಗಿದ್ದೂ ಮೇಷ್ಟರ ಕುರ್ಚಿ ಬಿಟ್ಟು ಮೂಡಿಗೆರೆಯ ಕಾಫಿ ತೋಟಕ್ಕೆ ಹೋದವರು. ಗಾಳ, ಕ್ಯಾಮೆರಾ, ಬಣ್ಣ, ಆಮೇಲೆ ಕಂಪ್ಯೂಟರ್, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡಿದವರು. ‘ಚಿದಂಬರ ರಹಸ್ಯ’ದ ಪತ್ತೇದಾರಿಯೂ ಹೊರಡುವುದು ಏಲಕ್ಕಿಯ ಇಳುವರಿ ಯಾಕೆ ಬಿತ್ತು ಅನ್ನುವ ತೋಟದ ಪ್ರಶ್ನೆಯಿಂದ, ಆ ಕಾದಂಬರಿಗೇ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2007ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಓತಿ ಕೈಯಿಂದ ರೆಕ್ಕೆ ಹಿಡಿಯುತ್ತದೆ ಅನ್ನುವುದು ಅಚ್ಚಾದದ್ದು ಹತ್ತು ವರ್ಷದ ಮೇಲೆ. ಗೊತ್ತಾಗಿದ್ದರೆ ಮರುದಿನವೇ ಕ್ಯಾಮೆರಾ ಎತ್ತಿಕೊಂಡು ಅಡಿಕೆ ತೋಟಕ್ಕೆ ಹೋಗುತ್ತಿದ್ದರು ಅನ್ನುವುದರಲ್ಲಿ ಅನುಮಾನವಿಲ್ಲ.

ಬಾಕಿ ಇರುವುದು ಇಳಿಯುವುದು. ನಿಜವಾದ ಓತಿ ಮರ ಮುಟ್ಟುವ ಮುಂಚೆ ಮೂತಿ ಎತ್ತಿ, ವೇಗ ಕಳೆದು, ನಾಲ್ಕೂ ಕಾಲಲ್ಲಿ ಕಾಂಡ ಹಿಡಿಯುತ್ತದೆ. ನಮ್ಮದು ಮೂತಿಯಲ್ಲಿ ಹಿಡಿಯುತ್ತಿದೆ. ಮೂತಿಯ ಮುಂದೆ 6 ಸೆಂ.ಮೀ. ಮೀಸೆ ಕಡ್ಡಿ ಇಟ್ಟು, ಅದು ಕಾಂಡಕ್ಕೆ ತಗುಲಿದ ಕೂಡಲೇ ತೋಳಿನ ಕುಣಿಕೆ ಕಳಚುವ ಹಾಗೆ ಮಾಡಿದರೆ ಮುಂದಿನ ಅಂಚಿನ ಜಗ್ಗು ಹೋಗಿ, ಹಿಂದಿನ ಎತ್ತು ಮಾತ್ರ ಉಳಿದು, ಮೂತಿ ಮೇಲೇಳಬೇಕು. ಆದರೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ 6 ಸೆಂ.ಮೀ.ಗೆ ಸಿಗುವ ಸಮಯ ಸೆಕೆಂಡಿನ ನೂರನೇ ಒಂದೂವರೆ ಭಾಗ, ಯಾವ ರೆಕ್ಕೆಯೂ ಅಷ್ಟರಲ್ಲಿ ಮಾತು ಕೇಳುವುದಿಲ್ಲ. ಮೀಸೆ ಅರ್ಧ ಮೀಟರ್ ಬೇಕು, ಆಗ ಅದು ಓತಿಯಲ್ಲ, ಸೀಗಡಿ.

ಸದ್ಯಕ್ಕೆ ತೆಂಗಿನ ಮರಕ್ಕೆ ಹಳೇ ಕಂಬಳಿ ಸುತ್ತಿ, ಕಾಲುಗಳಿಗೆ ವೆಲ್ಕ್ರೋದ ಕೊಕ್ಕೆ ಬದಿ ಅಂಟಿಸುವುದು. ಅದರ ನಡುವೆ ಮಿಂಚುಳ್ಳಿಯ ಕೆಲಸವೂ ಶುರುವಾಗಿದೆ: ತಂತಿಯ ಮೇಲಿಂದ ನೀರಿನ ಡ್ರಮ್ಮಿಗೆ ಧುಮುಕಿ ವಾಪಸ್ ತಂತಿಗೆ ಬರಬೇಕು. ಧುಮುಕುವುದಕ್ಕೆ ಸೀಸ ಸಾಕು. ವಾಪಸ್ ಬರುವುದಕ್ಕೆ ಕೌಂಟರ್‌ವೇಟ್ ಮತ್ತು ಹೊಲಿಗೆ ಯಂತ್ರದ ಹಳೇ ಬಾಬಿನ್ ಕೇಸ್ ಬೇಕು. ತುಕ್ಕು ಹಿಡಿಯದ್ದು ಯಾರ ಹತ್ತಿರವಾದರೂ ಇದ್ದರೆ ಎತ್ತಿಡಿ.